ಜಾವಾ ಗಾಡಿಯ ಬಿಡಿಭಾಗಗಳು



ನನ್ನ ಹಳೆಯ ವಿದ್ಯಾರ್ಥಿಗಳು ಎಲ್ಲಿಯಾದರೂ ಎದುರಾದರೆ ಮೊದಲು ನನ್ನ ಆರೋಗ್ಯವನ್ನು ವಿಚಾರಿಸುತ್ತಾರೆ. ಮರುಕ್ಷಣವೇ "ಸರ್, ಆ ಗಾಡಿ ಇನ್ನೂ ಇದೆಯೇ?" ಎನ್ನುತ್ತಾರೆ. ಇದೆ ಎಂದೊಡನೆ ಮೂರನೆಯ ಪ್ರಶ್ನೆ ಸಿದ್ಧವಾಗಿರುತ್ತದೆ: "ಅದಕ್ಕೆ ಸ್ಪೇರ್ ಪಾರ್ಟ್ಸ್ ಎಲ್ಲಿ ಸಿಗುತ್ತೆ ಸರ್?" ಮೊದಲೆರಡಕ್ಕೆ ಒಂದೊಂದು ಮಾತಿನ ಉತ್ತರ ಸಾಕು. ಮೂರನೆಯದನ್ನು ರಸ್ತೆಯ ಬದಿಯಲ್ಲಿ ನಿಂತು ಹೇಳಿ ಮುಗಿಸಲು ಆಗುವುದಿಲ್ಲ. ಆದುದರಿಂದ ಈ ಸಲ ಅದನ್ನೇ ಬರೆಯಲು ಕುಳಿತಿದ್ದೇನೆ.

ನನ್ನದು 1969ನೆಯ ಇಸವಿಯ ಜಾವಾ 250. ನಂಜನಗೂಡು ತಾಲ್ಲೂಕಿನ ಪ್ರೌಢಶಾಲೆಯಲ್ಲಿದ್ದಾಗ, 1987ರಲ್ಲಿ, ಎರಡನೆಯ ಕೈಯಿಂದ ಕೊಂಡದ್ದು. ಮೇಷ್ಟ್ರು ಶಾಲೆಯ ಗೇಟಿಗೆ ಬರುವ ಮೊದಲೇ ಅವರ ಗಾಡಿಯ ಸದ್ದು ತರಗತಿಗೆ ಬಂದು ಮುಟ್ಟುತ್ತಿತ್ತೆಂದೂ, ಅದರಿಂದ ತಮಗೆ ಬಹಳ ಅನುಕೂಲವಾಗುತ್ತಿತ್ತೆಂದೂ ನಿಮ್ಮಲ್ಲಿ ಅನೇಕರು ಈಗ ಧೈರ್ಯವಾಗಿ ಹೇಳುತ್ತೀರಿ. ಸಂತೋಷ. ಹತ್ತನೆಯ ತರಗತಿಯಲ್ಲಿ ಸಿಲಿಂಡರಿನ ಘನಫಲದ ಪಾಠ ಬಂದಾಗ ಪ್ರತಿ ವರ್ಷವೂ ನಾನು ಕೊಡುತ್ತಿದ್ದ ಲೆಕ್ಕವೂ ನಿಮಗೆ ನೆನಪಿರಬಹುದು: ವ್ಯಾಸ 65 ಮಿಲಿಮೀಟರ್, ಪಿಸ್ಟನ್ ಚಲಿಸುವ ಎತ್ತರ 75 ಮಿಲಿಮೀಟರ್, ಹಾಗಾದರೆ ಘನಫಲವೆಷ್ಟು? ಉತ್ತರ ಸುಮಾರು 249 ಘನ ಸೆಂಟಿಮೀಟರ್. "ಮತ್ತೆ 250 ಅಂತ ಏಕೆ ಕರೆಯುತ್ತಾರೆ ಸರ್?" ಎಂದು ಕೇಳಿದವನಿಗೆ ಅಂದಾಜಿನ ಪಾಠವೂ ಅಲ್ಲಿಯೇ ಆಗಿಹೋಗುತ್ತಿತ್ತು.

ಈ ಗಾಡಿ ಹುಟ್ಟಿದ್ದು ನಮ್ಮ ಮೈಸೂರಿನ ಯಾದವಗಿರಿಯಲ್ಲಿ. ಜಾವಾ ಎಂಬ ಹೆಸರಿಗೂ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. 1929ರಲ್ಲಿ ಚೆಕ್ ದೇಶದ ಫ್ರಾಂಟಿಶೆಕ್ ಯಾನೆಚೆಕ್ ಎಂಬುವರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ಲನ್ನು ತಯಾರಿಸುವ ಹಕ್ಕು ಪಡೆದಾಗ, ತಮ್ಮ ಹೆಸರಿನ ಮೊದಲ ಎರಡಕ್ಷರವನ್ನೂ ಆ ಕಂಪನಿಯ ಹೆಸರಿನ ಮೊದಲ ಎರಡಕ್ಷರವನ್ನೂ ಕೂಡಿಸಿ ಮಾಡಿದ ಹೆಸರದು. ಚೆಕ್ಕರು ಅದನ್ನು 'ಯಾವಾ' ಎಂದೇ ಉಚ್ಚರಿಸುತ್ತಾರೆ. ಅವರಿಂದ ಪರವಾನಗಿ ಪಡೆದು ರುಸ್ತುಂ ಇರಾನಿ ಮತ್ತು ಫರೂಖ್ ಇರಾನಿಯವರು ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿದರು. ಆಗ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜ ಒಡೆಯರು 1961ರಲ್ಲಿ ಅದನ್ನು ಉದ್ಘಾಟಿಸಿದರು. 1970ರ ದಶಕದ ಆರಂಭದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂಬ ಹೆಸರು ಬಂತು. 1980ರ ದಶಕದ ನಡುವಿನಲ್ಲಿ ಜಪಾನಿನ ಸಹಯೋಗದ 100 ಸಿ.ಸಿ. ಗಾಡಿಗಳು ಸಾಲಾಗಿ ಬಂದವು. ಪೆಟ್ರೋಲಿನ ಉಳಿತಾಯವನ್ನು ನೋಡುವ ಕಾಲ ಬಂದಮೇಲೆ ನಮ್ಮ ಗಾಡಿಯನ್ನು ಕೇಳುವವರು ಕಡಿಮೆಯಾದರು. 1996ರಲ್ಲಿ ತಯಾರಿಕೆ ನಿಂತಿತು.

ಕಾರ್ಖಾನೆ ಮುಚ್ಚಿದ ಮರುದಿನವೇ ಬಿಡಿಭಾಗಗಳು ಮಾಯವಾಗಲಿಲ್ಲ. ಅಂಗಡಿಗಳ ಅಟ್ಟದಲ್ಲಿದ್ದ ದಾಸ್ತಾನು ಕೆಲವು ವರ್ಷ ನಡೆಸಿತು. ಆಮೇಲೆ ಒಂದೊಂದೇ ವಸ್ತು "ಇಲ್ಲ ಸಾರ್, ಬರ್ತಾ ಇಲ್ಲ" ಎನ್ನುವ ಪಟ್ಟಿಗೆ ಸೇರತೊಡಗಿತು. ಮೊದಲು ಹೋದದ್ದು ದೀಪದ ಬುರುಡೆ, ಆಮೇಲೆ ಸ್ಪೀಡೋಮೀಟರು, ಆಮೇಲೆ ಟ್ಯಾಂಕಿನ ಎರಡು ಪಕ್ಕದ ರಬ್ಬರು. ವಿಚಿತ್ರವೆಂದರೆ, ಗಾಡಿ ಓಡಲು ಅತ್ಯಗತ್ಯವಾದವು ಇಂದಿಗೂ ಸಿಗುತ್ತವೆ. ನೋಡುವುದಕ್ಕೆ ಚೆಂದವಾಗಿರುವವೇ ಸಿಗುವುದಿಲ್ಲ. ಪಿಸ್ಟನ್, ರಿಂಗು, ಕ್ಲಚ್ ಪ್ಲೇಟು, ಪಾಯಿಂಟು, ಕಂಡೆನ್ಸರುಗಳು ಸವೆದು ಬದಲಾಗುವ ವಸ್ತುಗಳಾದ್ದರಿಂದ ಅವನ್ನು ಮಾಡುವ ಸಣ್ಣಪುಟ್ಟ ಕಾರ್ಖಾನೆಗಳು ಉಳಿದುಕೊಂಡಿವೆ. ದೀಪದ ಬುರುಡೆ ಅಪಘಾತವಾದರೆ ಮಾತ್ರ ಬದಲಾಗುವಂಥದ್ದು. ಅದಕ್ಕಾಗಿ ಅಚ್ಚು ಮಾಡಿಸಿ ಕೂರುವವರು ಯಾರು?

ಈಗ ಹುಡುಕುವ ಕ್ರಮವನ್ನು ಹೇಳುತ್ತೇನೆ. ಕರಿಹಲಗೆಯ ಮುಂದೆ ಮೂವತ್ತೈದು ವರ್ಷ ನಿಂತ ಅಭ್ಯಾಸ, ಕ್ರಮವಾಗಿ ಹೇಳದಿದ್ದರೆ ನನಗೇ ತೃಪ್ತಿಯಿಲ್ಲ.

ಮೊದಲನೆಯದಾಗಿ, ಎಷ್ಟೋ ವಸ್ತುಗಳನ್ನು ಜಾವಾ ಎಂಬ ಹೆಸರು ಹೇಳಿ ಹುಡುಕುವ ಅಗತ್ಯವೇ ಇಲ್ಲ. ಬೇರಿಂಗುಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದರ ಅಂಚಿನಲ್ಲಿಯೂ ಒಂದು ಸಂಖ್ಯೆಯನ್ನು ಕೆತ್ತಿರುತ್ತಾರೆ. ಉದಾಹರಣೆಗೆ 6205 ಎಂದಿದ್ದರೆ, ಕೊನೆಯ ಎರಡಂಕಿ 05ನ್ನು ಐದರಿಂದ ಗುಣಿಸಿದರೆ 25. ಅದು ಒಳವ್ಯಾಸ, ಮಿಲಿಮೀಟರಿನಲ್ಲಿ. ಅದೇ ಬೇರಿಂಗಿನ ಹೊರವ್ಯಾಸ 52, ದಪ್ಪ 15. ಇದು ಲೋಕವೆಲ್ಲ ಒಪ್ಪಿದ ಲೆಕ್ಕ. ಮೋಟಾರು ಸೈಕಲ್ಲಿಗೂ ಹಿಟ್ಟಿನ ಗಿರಣಿಗೂ ನೀರೆತ್ತುವ ಪಂಪಿಗೂ ಅದೇ ಬೇರಿಂಗು. ಹಾಗೆಯೇ ಆಯಿಲ್ ಸೀಲುಗಳ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಎಂಬ ಮೂರು ಅಳತೆಗಳಿರುತ್ತವೆ. ಕಳಚಿದ ಹಳೆಯದನ್ನು ಒರೆಸಿ ಸಂಖ್ಯೆಯನ್ನು ಓದಿಕೊಂಡು ಬೇರಿಂಗಿನ ಅಂಗಡಿಗೆ ಹೋದರೆ ಹತ್ತು ನಿಮಿಷದ ಕೆಲಸ. "ಜಾವಾದ ಬೇರಿಂಗ್ ಕೊಡಿ" ಎಂದು ಹಳೆಯ ಗಾಡಿಗಳ ಅಂಗಡಿಯಲ್ಲಿ ಕೇಳಿದರೆ ಅದೇ ವಸ್ತುವಿಗೆ ಅಪರೂಪದ ಬೆಲೆ ಬರುತ್ತದೆ.

ನಟ್ಟು ಬೋಲ್ಟುಗಳಲ್ಲಿಯೂ ನಾವು ಅದೃಷ್ಟವಂತರು. ಚೆಕ್ಕರದು ಮೆಟ್ರಿಕ್ ಪದ್ಧತಿ, ನಮ್ಮದೂ ಮೆಟ್ರಿಕ್ ಪದ್ಧತಿ. 1955ರಿಂದ ಮದರಾಸಿನಲ್ಲಿ ತಯಾರಾದ ಬುಲೆಟ್ ಗಾಡಿಯ ಮೂಲ ಇಂಗ್ಲೆಂಡಿನ ರೆಡಿಚ್. ಅದರ ಹಳೆಯ ಮಾದರಿಗಳಲ್ಲಿ ಇಂಚಿನ ಲೆಕ್ಕದ ಹಲವು ಬಗೆಯ ಮರೆಗಳು ಬೆರೆತಿವೆ. ಆ ಗಾಡಿಯ ಮಿತ್ರರು ಒಂದು ಬೋಲ್ಟಿಗಾಗಿ ಪಡುವ ಪಾಡನ್ನು ಕಂಡಾಗಲೆಲ್ಲ ನನಗೆ ನನ್ನ ಗಾಡಿಯ ಮೇಲಿನ ಪ್ರೀತಿ ಹೆಚ್ಚುತ್ತದೆ.

ಎರಡನೆಯದಾಗಿ, ಹಳೆಯ ದಾಸ್ತಾನು ಮತ್ತು ಹೊಸ ತಯಾರಿಕೆ, ಇವೆರಡರ ನಡುವೆ ಆಯ್ಕೆ. ನಾನು ಇಟ್ಟುಕೊಂಡಿರುವ ಸೂತ್ರ ಇಷ್ಟೇ: ಲೋಹವಾದರೆ ಹಳೆಯದು, ರಬ್ಬರಾದರೆ ಹೊಸದು. ಮೇಣದ ಕಾಗದದಲ್ಲಿ ಸುತ್ತಿಟ್ಟ, ಕಾರ್ಖಾನೆಯ ಕಾಲದ ಗೇರು ಚಕ್ರ ನಲವತ್ತು ವರ್ಷ ಕಳೆದರೂ ಹೊಸದರಂತೆಯೇ ಇರುತ್ತದೆ. ಅದರ ಉಕ್ಕಿನ ಗುಣಕ್ಕೆ ಇಂದಿನ ನಕಲು ಸಾಟಿಯಾಗುವುದು ಅಪರೂಪ. ರಬ್ಬರು ಹಾಗಲ್ಲ. ಡಬ್ಬಿಯಿಂದ ಹೊರಗೇ ಬಾರದಿದ್ದರೂ ಅದಕ್ಕೆ ವಯಸ್ಸಾಗುತ್ತದೆ. ಗಟ್ಟಿಯಾಗಿ, ಬಿರಿದು, ಮುಟ್ಟಿದರೆ ಪುಡಿಯಾಗುತ್ತದೆ. ನಮ್ಮ ಗಾಡಿಯ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತದೆ. ಎಂಜಿನ್ನಿಗೂ ಆ ಪೆಟ್ಟಿಗೆಗೂ ನಡುವೆ ಚೈನನ್ನು ಮುಚ್ಚಲು ಎರಡು ರಬ್ಬರಿನ ತೋಳುಗಳಿವೆ. ಧೂಳು ಕೆಸರು ತಾಗದೆ ಚೈನು ಬಹುಕಾಲ ಬಾಳುವುದರ ಗುಟ್ಟು ಅದೇ. ಅವು ಹರಿದಾಗ ಅನೇಕರು "ಇಲ್ಲದಿದ್ದರೆ ಏನಂತೆ" ಎಂದು ಬಿಟ್ಟುಬಿಡುತ್ತಾರೆ. ಮುಂದಿನ ಮಳೆಗಾಲದಲ್ಲಿ ಚೈನು ಉತ್ತರ ಕೊಡುತ್ತದೆ.

ಮೂರನೆಯದಾಗಿ, ಕೊಳ್ಳುವ ಮುನ್ನ ಅಳೆಯಿರಿ. ಒಂದು ಊರಿನ ಒಂದು ಅಂಗಡಿಯಲ್ಲಿ, ಯಾವುದೆಂದು ಹೇಳುವುದು ಬೇಡ, ಹಳೆಯ ಮುದ್ರೆಯಿದ್ದ ಪೊಟ್ಟಣದಲ್ಲಿ ಪಿಸ್ಟನ್ ಕೊಟ್ಟರು. ನನ್ನ ಕೈಚೀಲದಲ್ಲಿ ಯಾವಾಗಲೂ ವರ್ನಿಯರ್ ಕ್ಯಾಲಿಪರ್ ಇರುತ್ತದೆ. ಗಲ್ಲಾಪೆಟ್ಟಿಗೆಯ ಮೇಲೆಯೇ ಅಳೆದು ನೋಡಿದರೆ, ಪೊಟ್ಟಣದ ಮೇಲೆ 65.50 ಎಂದಿದ್ದರೂ ಒಳಗಿದ್ದ ವಸ್ತುವಿನ ಅಳತೆ ಬೇರೆಯೇ ಇತ್ತು. ರಿಂಗು ಕೂರುವ ಗಾಡಿಯಲ್ಲಿ ಇರಬೇಕಾದ ಸಣ್ಣ ಮೊಳೆಯೂ ಇರಲಿಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಸಿಲಿಂಡರಿನ ಗೋಡೆಗೇ ಗಾಳಿ ಹೊಗೆಗಳ ಕಿಂಡಿಗಳಿರುತ್ತವೆ. ರಿಂಗು ಸುತ್ತಿಕೊಂಡು ಅದರ ತುದಿ ಆ ಕಿಂಡಿಗೆ ಸಿಕ್ಕಿದರೆ ಸಿಲಿಂಡರಿನ ಕಥೆ ಮುಗಿಯಿತು. ಹಾಗಾಗದಂತೆ ತಡೆಯುವುದೇ ಆ ಮೊಳೆ. ಅಂಗಡಿಯವರು "ಎಲ್ಲರೂ ಹಾಕ್ಕೊಂಡು ಓಡಿಸ್ತಾರೆ ಸಾರ್" ಎಂದರು. ನಾನು ನಮಸ್ಕಾರ ಮಾಡಿ ಬಂದೆ.

ಪಿಸ್ಟನ್ನಿನ ಮಾತು ಬಂದುದರಿಂದ ಇನ್ನೊಂದು ವಿಷಯ. ಸಿಲಿಂಡರು ಸವೆದಾಗ ಅದನ್ನು ಲೇತಿನವರ ಬಳಿ ಕಾಲು ಕಾಲು ಮಿಲಿಮೀಟರಿನಂತೆ ದೊಡ್ಡದು ಮಾಡಿಸಿ, ಅದಕ್ಕೆ ತಕ್ಕ ಪಿಸ್ಟನ್ ಹಾಕಿಸುತ್ತಾರೆ. ಇದಕ್ಕೆ ಬೋರ್ ಮಾಡಿಸುವುದು ಎನ್ನುತ್ತಾರೆ. 66 ಮಿಲಿಮೀಟರ್ ತಲುಪಿದ ಗಾಡಿಯ ಘನಫಲ 256ನ್ನು ದಾಟಿರುತ್ತದೆ. ಲೆಕ್ಕ ಮಾಡಿ ನೋಡಿ. ಇನ್ನು ಹೆಚ್ಚಿಸಲು ಗೋಡೆ ಉಳಿಯದಿದ್ದಾಗ ಒಳಗೊಂದು ಹೊಸ ಕೊಳವೆ ಕೂರಿಸಿ ಮತ್ತೆ 65ರಿಂದ ಆರಂಭಿಸುತ್ತಾರೆ. ಆದುದರಿಂದ ಮೊದಲು ಪಿಸ್ಟನ್ ಕೊಂಡು ಕೈಯಲ್ಲಿಟ್ಟುಕೊಂಡು, ಅದರ ಅಳತೆಗೆ ಬೋರ್ ಮಾಡಿಸುವುದು ಸರಿಯಾದ ಕ್ರಮ.

ಎಲ್ಲಿ ಹುಡುಕಬೇಕು? ಬೆಂಗಳೂರಿನ ಜೆ.ಸಿ. ರಸ್ತೆ ನಿಮಗೆಲ್ಲ ಗೊತ್ತು. ಚೆನ್ನೈಯ ಪುದುಪೇಟೆಯಲ್ಲಿ ಕಳಚಿದ ಗಾಡಿಗಳ ಭಾಗಗಳು ರಾಶಿಯಾಗಿ ಸಿಗುತ್ತವೆ. ದೆಹಲಿಯ ಕರೋಲ್ ಬಾಗ್ ಮೋಟಾರು ಸೈಕಲ್ಲುಗಳ ದೊಡ್ಡ ಪೇಟೆ. ಇವಕ್ಕಿಂತ ಹೆಚ್ಚಾಗಿ ನನಗೆ ನೆರವಾದದ್ದು ಜಾವಾ ಯೆಜ್ಡಿ ಅಭಿಮಾನಿಗಳ ಬಳಗ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಇವರೆಲ್ಲ ಜಾವಾ ದಿನವನ್ನು ಆಚರಿಸುತ್ತಾರೆ. ನನ್ನ ಮೊಮ್ಮಕ್ಕಳ ವಯಸ್ಸಿನ ಹುಡುಗರು, ತಾವು ಹುಟ್ಟುವ ಮೊದಲೇ ಮುಚ್ಚಿಹೋದ ಕಾರ್ಖಾನೆಯ ಗಾಡಿಯನ್ನು ಒರೆಸಿ ಮಿರಮಿರ ಮಿಂಚಿಸಿ ತರುತ್ತಾರೆ. ಅಲ್ಲಿ "ನಿಮ್ಮಲ್ಲಿ ಹೆಚ್ಚಾಗಿರುವುದು ಏನು, ನಿಮಗೆ ಬೇಕಾಗಿರುವುದು ಏನು" ಎಂಬ ಮಾತು ನಡೆದರೆ ಸಾಕು, ಹಣವಿಲ್ಲದೆಯೇ ಅರ್ಧ ವ್ಯವಹಾರ ಮುಗಿಯುತ್ತದೆ.

ಚೆಕ್ ದೇಶವನ್ನೂ ಮರೆಯಬಾರದು. ನನ್ನ ಗಾಡಿಯ ಮೂಲ ಮಾದರಿ 353. ಅಲ್ಲಿಯ ಜನ ಅದನ್ನು ಪ್ರೀತಿಯಿಂದ 'ಕಿವಾಚ್ಕಾ' ಎನ್ನುತ್ತಾರೆ. ಹಿಂದಿನ ಚಕ್ರವನ್ನು ಹಿಡಿದ ಕವಲು ಮೇಲೆ ಕೆಳಗೆ ತೂಗುವುದರಿಂದ ಬಂದ ಹೆಸರು. ಅಲ್ಲಿಯೂ ಇವು ಅಜ್ಜಂದಿರ ಕಾಲದ ಗಾಡಿಗಳೇ, ಅಲ್ಲಿಯೂ ಮೊಮ್ಮಕ್ಕಳು ಜತನ ಮಾಡುತ್ತಿದ್ದಾರೆ. ಆದುದರಿಂದ ರಬ್ಬರಿನ ಸಾಮಾನು, ದೀಪದ ಗಾಜು, ಲಾಂಛನಗಳು ಹೊಸದಾಗಿ ತಯಾರಾಗಿ ಮಾರಾಟಕ್ಕಿವೆ. ಜರ್ಮನಿಯಲ್ಲಿರುವ ನನ್ನ ವಿದ್ಯಾರ್ಥಿಯೊಬ್ಬ 2016ರಲ್ಲಿ ಊರಿಗೆ ಬರುವಾಗ ಚಾಕೊಲೇಟಿನ ಜೊತೆಗೆ ಒಂದು ಕಂತೆ ರಬ್ಬರಿನ ಸಾಮಾನನ್ನೂ ತಂದುಕೊಟ್ಟ. ಚಾಕೊಲೇಟು ಯಾರಿಗೆ ಹೋಯಿತೋ ನನಗೆ ನೆನಪಿಲ್ಲ. ಆದರೆ ಅಲ್ಲಿಯದೆಲ್ಲವೂ ಇಲ್ಲಿಯದಕ್ಕೆ ಹೊಂದುತ್ತದೆಂದು ತಿಳಿಯಬೇಡಿ. ಮೈಸೂರಿನಲ್ಲಿ ವರ್ಷ ಕಳೆದಂತೆ ತಮ್ಮದೇ ಬದಲಾವಣೆಗಳನ್ನು ಮಾಡಿಕೊಂಡಿದ್ದರು. ಚಿತ್ರ ಕಳಿಸಿ, ಅಳತೆ ಕೇಳಿಕೊಂಡೇ ತರಿಸಬೇಕು.

ಕೆಲವರು "ಹೊಸ ಜಾವಾ ಬಂದಿದೆಯಲ್ಲ ಸರ್, ಅದರ ಭಾಗಗಳು ಆಗುವುದಿಲ್ಲವೇ?" ಎನ್ನುತ್ತಾರೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮರಳಿ ಬಂದವು. ಆದರೆ ಅವು ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್ನಿನ ಗಾಡಿಗಳು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟ ಮಾತ್ರಕ್ಕೆ ಅಜ್ಜನ ಕನ್ನಡಕ ಮೊಮ್ಮಗನಿಗೆ ಹೊಂದುವುದಿಲ್ಲ, ಇದೂ ಹಾಗೆಯೇ.

ಇನ್ನೊಂದು ದಾರಿಯಿದೆ: ಪೂರ್ತಿ ಗಾಡಿಯೊಂದನ್ನೇ ಕೊಂಡು, ಕಳಚಿ, ಬೇಕಾದ್ದನ್ನು ಬಳಸಿಕೊಳ್ಳುವುದು. ಗುಜರಿಗೆ ಬಂದು, ಚಾಸಿಸ್ ತುಂಡಾಗಿ, ದಾಖಲೆಯೂ ಇಲ್ಲದೆ ಬಿದ್ದಿರುವ ಗಾಡಿಯಾದರೆ ಅದರಿಂದ ನಾಲ್ಕು ಗಾಡಿಗಳು ಬದುಕುತ್ತವೆ, ಸರಿ. ಆದರೆ ಕೊಟ್ಟಿಗೆಯಲ್ಲಿ ಧೂಳು ಹಿಡಿದು ನಿಂತಿರುವ, ಆರ್.ಸಿ. ಪುಸ್ತಕ ಸರಿಯಾಗಿರುವ ಗಾಡಿಯನ್ನು ಕಳಚಿ ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಹಣ ಬರುತ್ತದೆಂಬ ಕಾರಣಕ್ಕೆ ಒಡೆದುಹಾಕುವುದನ್ನೂ ನಾನು ಕಂಡಿದ್ದೇನೆ. ನನ್ನ ಸಹೋದ್ಯೋಗಿಯೊಬ್ಬರು ತೀರಿಕೊಂಡ ಮೇಲೆ ಅವರ ಮನೆಯವರು ನನ್ನನ್ನು ಕರೆಸಿ, "ನಿಮ್ಮ ಗಾಡಿಗೆ ಏನು ಬೇಕೋ ಬಿಚ್ಚಿಕೊಳ್ಳಿ ಮೇಷ್ಟ್ರೇ, ಉಳಿದದ್ದು ಗುಜರಿಗೆ ಹಾಕ್ತೀವಿ" ಎಂದರು. ಅದರ ದೀಪದ ಬುರುಡೆ ಒಂದು ಗೀರೂ ಇಲ್ಲದೆ ಇತ್ತು, ನನ್ನದು ಎರಡು ಕಡೆ ತೇಪೆ ಹಾಕಿದ್ದು. ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಪೂರ್ತಿ ನಿಂತಿರುವ ಗಾಡಿಗೆ ಸ್ಪ್ಯಾನರು ಹಾಕಲು ಮನಸ್ಸು ಬಾರಲಿಲ್ಲ. ಬಳಗದ ಹುಡುಗನೊಬ್ಬನಿಗೆ ಹೇಳಿ, ಸರಿಯಾದ ಬೆಲೆಗೆ ಕೊಡಿಸಿದೆ. ಈಗ ಅದು ಹಾಸನದಲ್ಲಿ ಓಡುತ್ತಿದೆ. ನನ್ನ ಬುರುಡೆಗೆ ತೇಪೆ ಹಾಗೆಯೇ ಇದೆ.

ಕಳಚಿದ ಭಾಗಗಳನ್ನು ಕೊಳ್ಳುವಾಗ ಒಂದು ಎಚ್ಚರಿಕೆ. ಎಂಜಿನ್ನಿನ ಸಂಖ್ಯೆ ಕ್ರ್ಯಾಂಕ್‌ಕೇಸಿನ ಮೇಲೂ ಚಾಸಿಸ್ ಸಂಖ್ಯೆ ಚೌಕಟ್ಟಿನ ಮೇಲೂ ಇರುತ್ತದೆ. ಇವೆರಡು ಆರ್.ಸಿ.ಯಲ್ಲಿರುವುದಕ್ಕೆ ಹೊಂದಬೇಕು. ಎಂಥ ಅಗ್ಗದ ಬೆಲೆಗೆ ಬಂದರೂ ದಾಖಲೆಯಿಲ್ಲದ ಚೌಕಟ್ಟನ್ನೂ ಕ್ರ್ಯಾಂಕ್‌ಕೇಸನ್ನೂ ಮುಟ್ಟಬೇಡಿ. ಅದು ಯಾರ ಮನೆಯ ಮುಂದಿನಿಂದ ಕಾಣೆಯಾದ ಗಾಡಿಯೋ ಯಾರಿಗೆ ಗೊತ್ತು!

ಇಷ್ಟೆಲ್ಲ ಹೇಳಿದ ಮೇಲೆ, ನಾನು ನಿಜವಾಗಿ ಬರೆಯಬೇಕೆಂದು ಕುಳಿತ ವಿಷಯಕ್ಕೆ ಬರುತ್ತೇನೆ.

ನನ್ನ ಗಾಡಿಯನ್ನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನೋಡಿಕೊಂಡವರು ಯಾದವಗಿರಿಯ ಕಾರ್ಖಾನೆಯಲ್ಲಿ ದುಡಿದವರು. 1964ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ ಸೇರಿ, ಬಾಗಿಲು ಹಾಕುವವರೆಗೂ ಇದ್ದವರು. ಆಮೇಲೆ ಮನೆಯ ಪಕ್ಕದ ಶೆಡ್ಡಿನಲ್ಲಿ ರಿಪೇರಿ ಮಾಡುತ್ತಿದ್ದರು. ಎಲ್ಲರಿಗೂ ಅವರು ಮೇಸ್ತ್ರಿ. ನಾನು ಅವರನ್ನು "ಮೇಸ್ತ್ರಿಗಳೇ" ಎನ್ನುವುದು, ಅವರು ನನ್ನನ್ನು "ಮೇಷ್ಟ್ರೇ" ಎನ್ನುವುದು, ಕೇಳಿದವರಿಗೆ ನಗು. ವಾಸ್ತವವಾಗಿ ಎರಡೂ ಒಂದೇ ಮಾತು. ಮೇಸ್ತ್ರಿ ಪೋರ್ಚುಗೀಸರ ಕಡೆಯಿಂದ ಬಂತು, ಮೇಷ್ಟ್ರು ಇಂಗ್ಲಿಷಿನವರ ಕಡೆಯಿಂದ. ಎರಡರ ಬೇರೂ ಲ್ಯಾಟಿನ್ನಿನಲ್ಲಿದೆ. ಇದನ್ನು ಅವರಿಗೆ ಹೇಳಿದಾಗ, "ಹಂಗಾದ್ರೆ ಪಿಂಚಣಿ ನಿಮಗೆ ಮಾತ್ರ ಯಾಕೆ ಬಂತು ಮೇಷ್ಟ್ರೇ?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಅಂಗಡಿಗಳಿಂದ ಅವರು ಉಳಿದ ದಾಸ್ತಾನನ್ನು ತೂಕದ ಲೆಕ್ಕದಲ್ಲಿ ಕೊಂಡು, ಡಾಲ್ಡಾ ಡಬ್ಬಿ, ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿ ಅಟ್ಟದ ಮೇಲೆ ಇಟ್ಟಿದ್ದರು. ಒಟ್ಟು ಹದಿನಾರು ಡಬ್ಬಿ. ಯಾವುದರ ಮೇಲೂ ಬರೆಹವಿಲ್ಲ. ಬೇಕಾದಾಗ ಅವರು ಹೋಗಿ, ಕೈ ಹಾಕಿ, ಬೇಕಾದ್ದನ್ನೇ ತೆಗೆಯುತ್ತಿದ್ದರು. 2019ರ ಹೊತ್ತಿಗೆ ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಬಹುಮಟ್ಟಿಗೆ ಹೋಗಿತ್ತು. ಶೆಡ್ಡು ಮುಚ್ಚಿತ್ತು. ಒಂದು ದಿನ ನೋಡಲು ಹೋದಾಗ ಅವರ ಸೊಸೆ, "ಅಟ್ಟ ತುಂಬ ಕಬ್ಬಿಣ, ಇಲಿ ಸೇರ್ಕೊಂಡಿವೆ, ಗುಜರಿಯವನಿಗೆ ಹೇಳಿದ್ದೀವಿ" ಎಂದರು. ಆಕೆಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತಿಳಿಯದವರಿಗೆ ಅದು ಕಬ್ಬಿಣವೇ. ಒಂದು ತುಂಡು ಕಬ್ಬಿಣವನ್ನು ಬಿಡಿಭಾಗವನ್ನಾಗಿ ಮಾಡುವುದು ಅದು ಎಲ್ಲಿ ಕೂರುತ್ತದೆಂಬ ತಿಳಿವಳಿಕೆ. ಆ ತಿಳಿವಳಿಕೆ ಆಗ ಒಬ್ಬರ ಬೆರಳ ತುದಿಯಲ್ಲಿ ಮಾತ್ರ ಇತ್ತು.

ಗುಜರಿಯವನಿಗೆ ಒಂದು ತಿಂಗಳು ತಡೆಯಲು ಹೇಳಿಸಿ, ಮುಂದಿನ ಭಾನುವಾರ ಚೀಟಿ, ದಾರ, ಪೆನ್ನು ಹಿಡಿದು ಹೋದೆ. ಮೇಸ್ತ್ರಿಗಳನ್ನು ಜಗಲಿಯ ಮೇಲೆ ಕೂರಿಸಿದೆವು. ಪಿ.ಯು.ಸಿ. ಓದುತ್ತಿದ್ದ ಅವರ ಮೊಮ್ಮಗಳು ಒಂದೊಂದೇ ವಸ್ತುವನ್ನು ಸೀಮೆಎಣ್ಣೆಯಲ್ಲಿ ಒರೆಸಿ ಅವರ ಕೈಗೆ ಕೊಡುವಳು, ಅವರು ಹೇಳುವರು, ನಾನು ಬರೆಯುವೆ. "ಗಜನ್ ಪಿನ್." "ಇದು ಗೇರ್ ಫೋರ್ಕು, ತುದಿ ಸವೆದಿದೆ, ಎಸೀರಿ." "ಕ್ಲಚ್ ಪ್ಲೇಟು, ಬಿರಡೆ ಚೆನ್ನಾಗಿದೆಯೇನೋ ನೋಡಮ್ಮ." ಒಂದು ಹಲ್ಲುಚಕ್ರವನ್ನು ಹೆಬ್ಬೆರಳಿನಿಂದ ಸುತ್ತಿ ನೋಡಿ, "ಇದು ನಮ್ಮದಲ್ಲ, ರಾಜ್‌ದೂತ್‌ದು. ಯಾರೋ ಸೇರಿಸವ್ರೆ" ಎಂದು ಸಿಟ್ಟಾದರು. ವಸ್ತುವಿನ ಹೆಸರಷ್ಟೇ ಬರೆದುಕೊಂಡರೆ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. ಯಾವ ಮಾದರಿಗೆ, ಎಡಕ್ಕೋ ಬಲಕ್ಕೋ, ಕೂರಿಸುವಾಗ ಯಾವ ಮುಖ ಹೊರಗೆ ಬರಬೇಕು, ಎಲ್ಲವನ್ನೂ ಬರೆಸಿದರು.

ಅಂದು ನಾನು ಕಲಿತದ್ದು ಬಹಳ. ನಮ್ಮ ಗಾಡಿಯ ಗೇರು ಹಾಕುವ ಸನ್ನೆಯೇ ಕಿಕ್ಕರು ಕೂಡ. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರಾಗಿ ನಿಲ್ಲುತ್ತದೆ. ಎರಡು ಕೆಲಸಕ್ಕೆ ಒಂದೇ ಭಾಗವಾದ್ದರಿಂದ ಅದರ ಒಳಗಿನ ಹಲ್ಲುಗಳು ಬೇಗ ಸವೆಯುತ್ತವೆ. ಸವೆದಾಗ ವೆಲ್ಡಿಂಗ್ ಮಾಡಿಸಬೇಡಿ, ಶಾಫ್ಟು ಹಾಳಾದರೆ ಇಡೀ ಎಂಜಿನ್ನನ್ನು ಬಿಚ್ಚಬೇಕಾಗುತ್ತದೆ. ಸನ್ನೆಯ ತಲೆಯನ್ನು ಕತ್ತರಿಸಿ ಲೇತಿನಲ್ಲಿ ಹೊಸ ತಲೆ ಮಾಡಿಸಿ ಕೂರಿಸಿ, ಎಂದರು. ಹಾಗೆ ಮಾಡಿಸಿದ ಸನ್ನೆ ಇಂದಿಗೂ ನನ್ನ ಕಾಲಿನ ಕೆಳಗೆ ಇದೆ.

ಹೀಗೆ ನಾಲ್ಕು ಭಾನುವಾರ ನಡೆಯಿತು. ಕೊನೆಗೆ ನಾಲ್ಕು ವಸ್ತುಗಳು ಉಳಿದವು. ಮೇಸ್ತ್ರಿಗಳು ಅವನ್ನು ಮತ್ತೆ ಮತ್ತೆ ಕೈಗೆತ್ತಿಕೊಂಡು, ಕೆನ್ನೆಗೆ ಒತ್ತಿ ನೋಡಿ, ಬೆರಳಿನಿಂದ ತಟ್ಟಿ ಕೇಳಿ, ಕೆಳಗಿಟ್ಟರು. "ಯಾವುದರದ್ದಾದರೂ ಇರಬಹುದು ತಾತ, ಅಂದಾಜು ಹೇಳಿ" ಎಂದಳು ಹುಡುಗಿ. ಅವರು ಒಪ್ಪಲಿಲ್ಲ. "ಗೊತ್ತಿಲ್ಲ ಅಂತಲೇ ಬರೀರಿ ಮೇಷ್ಟ್ರೇ. ಸುಳ್ಳು ಹೆಸರು ಬರೆದ್ರೆ ಮುಂದೆ ಯಾರೋ ಒಬ್ಬ ಅದನ್ನ ನಂಬಿ ಹಾಕ್ತಾನೆ" ಎಂದರು. ನಾನು ನಾಲ್ಕು ಚೀಟಿಗಳ ಮೇಲೆ 'ಗೊತ್ತಿಲ್ಲ' ಎಂದು ಬರೆದು ಕಟ್ಟಿದೆ. ಬಿ.ಎಡ್. ತರಗತಿಯಲ್ಲಿ ಮೌಲ್ಯಮಾಪನದ ಬಗೆಗೆ ಪುಟಗಟ್ಟಲೆ ಓದಿದ್ದೇನೆ. ತಿಳಿಯದ್ದನ್ನು ತಿಳಿಯದೆಂದು ಬರೆಯುವವನಿಗೆ ಅಂಕ ಕೊಡುವ ಪದ್ಧತಿ ಅದರಲ್ಲಿ ಎಲ್ಲಿಯೂ ಇರಲಿಲ್ಲ.

2021ರಲ್ಲಿ ಮೇಸ್ತ್ರಿಗಳು ತೀರಿಕೊಂಡರು. ಡಬ್ಬಿಗಳು ಗುಜರಿಗೆ ಹೋಗಲಿಲ್ಲ. ಅವರ ಮೊಮ್ಮಗಳು ಆ ಚೀಟಿಗಳನ್ನೆಲ್ಲ ಒಂದು ನೋಟುಬುಕ್ಕಿಗೆ ಇಳಿಸಿ, ಪ್ರತಿ ವಸ್ತುವಿಗೂ ಬೆಲೆ ಕಟ್ಟಿ, ಕೇಳಿದವರಿಗೆ ಕೊಡುತ್ತಿದ್ದಾಳೆ. ಸೊಸೆಗೂ ಈಗ ಗೇರ್ ಫೋರ್ಕೆಂದರೆ ಯಾವುದೆಂದು ಗೊತ್ತು. 2023ರ ಜಾವಾ ದಿನಕ್ಕೆ ಆ ನಾಲ್ಕು ಅನಾಮಿಕ ವಸ್ತುಗಳನ್ನು ನಾನು ಕೊಂಡೊಯ್ದಿದ್ದೆ. ಕೊಲ್ಹಾಪುರದಿಂದ ಬಂದಿದ್ದ ತರುಣನೊಬ್ಬ ಒಂದನ್ನು ನೋಡಿದೊಡನೆ, ಅದು ಅದೇ ಕಾರ್ಖಾನೆಯ ಪುಟ್ಟ ಗಾಡಿ ಕೋಲ್ಟಿನದೆಂದು ಹೇಳಿ, ತನ್ನ ಗಾಡಿಯಲ್ಲಿ ಕೂರಿಸಿಯೇ ತೋರಿಸಿದ. ಚೀಟಿಯನ್ನು ತಿದ್ದಿದೆ. ಇನ್ನು ಮೂರು ಉಳಿದಿವೆ.

ಗಾಡಿಯ ಅಲಂಕಾರದ ಸಾಮಾನಿನ ಬಗೆಗೆ ಹೆಚ್ಚು ಹೇಳುವುದಿಲ್ಲ. ಲೆಗ್ ಗಾರ್ಡು, ಸೀರೆ ಗಾರ್ಡು, ಪಕ್ಕದ ಪೆಟ್ಟಿಗೆ, ಕನ್ನಡಿ ಇವೆಲ್ಲ ಹೊಸದಾಗಿಯೇ ಸಿಗುತ್ತವೆ ಅಥವಾ ಮಾಡಿಸಿಕೊಳ್ಳಬಹುದು. ಸೀರೆ ಗಾರ್ಡನ್ನು ಮಾತ್ರ "ನೋಟಕ್ಕೆ ಚೆಂದವಿಲ್ಲ" ಎಂದು ತೆಗೆಯಬೇಡಿ. ಅದು ಹಿಂದೆ ಕೂರುವವರ ಜೀವದ ಪ್ರಶ್ನೆ. 3.25-16 ಅಳತೆಯ ಟೈರು ಎಲ್ಲ ಅಂಗಡಿಗಳಲ್ಲೂ ಇರುವುದಿಲ್ಲ, ಕಂಡಾಗ ಎರಡು ಕೊಂಡಿಡಿ. ಆದರೆ ತಯಾರಾದ ವರ್ಷವನ್ನು ನೋಡಿ. ಟೈರೂ ರಬ್ಬರೇ.

ಈಚಿನ ಒಂದು ತೊಡಕನ್ನು ಹೇಳಲೇಬೇಕು. 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವುದು ದೇಶದಾದ್ಯಂತ ಜಾರಿಗೆ ಬಂತು. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡಿ ಕೆಡಿಸುತ್ತದೆ. ಹಳೆಯ ಗಾಡಿಯವರು ಪೆಟ್ರೋಲಿನ ಪೈಪು, ನಲ್ಲಿಯ ವಾಷರು, ಕಾರ್ಬ್ಯುರೇಟರಿನ ಸೀಲುಗಳನ್ನು ಎಥೆನಾಲ್ ತಡೆಯುವಂಥವುಗಳಿಗೆ ಬದಲಿಸಿಕೊಳ್ಳಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನು ಖಾಲಿ ಮಾಡಿಡಿ. ಲೀಟರಿಗೆ 40ರಿಂದ 50 ಮಿಲಿಲೀಟರ್ ಟೂ-ಟಿ ಎಣ್ಣೆ ಎಂಬ ಹಳೆಯ ಲೆಕ್ಕ ಮಾತ್ರ ಬದಲಾಗಿಲ್ಲ.

ಐವತ್ತು ವರ್ಷ ದಾಟಿದ ವಾಹನಗಳನ್ನು ಮೂಲರೂಪದಲ್ಲಿ ಕಾಪಾಡಿದವರಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂತು. ನನ್ನ ಗಾಡಿಗೆ ಆ ಅರ್ಹತೆಯಿದೆ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಾನು ಅದರಲ್ಲಿ ಹಾಲು ತರುತ್ತೇನೆ, ತರಕಾರಿ ತರುತ್ತೇನೆ. ಆದುದರಿಂದ ಸಾಮಾನ್ಯ ನೋಂದಣಿಯನ್ನೇ ನವೀಕರಿಸುತ್ತ ಬಂದಿದ್ದೇನೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮೈಸೂರು ಸೀಮೆಯ ಎಷ್ಟೋ ಮನೆಗಳಲ್ಲಿ ಅಪ್ಪನೋ ತಾತನೋ ದೊಡ್ಡಪ್ಪನೋ ಓಡಿಸಿದ ಜಾವಾ, ಯೆಜ್ಡಿಗಳ ಅವಶೇಷಗಳಿವೆ. ಅಟ್ಟದ ಮೇಲೆ, ಕೊಟ್ಟಿಗೆಯ ಮೂಲೆಯಲ್ಲಿ, ಹಳೆಯ ಟ್ರಂಕಿನ ತಳದಲ್ಲಿ ಹುಡುಕಿ. ಮನೆ ಖಾಲಿ ಮಾಡುವಾಗ ಕಿಲೋ ಲೆಕ್ಕದಲ್ಲಿ ಹಾಕುವ ಮುನ್ನ ತಿಳಿದವರಿಗೊಮ್ಮೆ ತೋರಿಸಿ. ತಿಳಿದವರು ಇನ್ನೂ ಇರುವಾಗಲೇ ತೋರಿಸಿ. ಮೋಟಾರು ಸೈಕಲ್ಲೇ ಆಗಬೇಕೆಂದಿಲ್ಲ. ನಿಮ್ಮ ಅಜ್ಜಿಯ ಒಡವೆ ಪೆಟ್ಟಿಗೆಯ ಬೀಗ, ತಾತನ ಗಡಿಯಾರ, ಮಗ್ಗದ ಭಾಗ, ಗಾಣದ ಭಾಗ, ಏನೇ ಇರಲಿ. ಹಿರಿಯರ ಪಕ್ಕದಲ್ಲಿ ಒಂದು ಭಾನುವಾರ ಕುಳಿತು ಹೆಸರು ಕೇಳಿ ಬರೆದು ಕಟ್ಟಿಡಿ. ಅವರಿಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆಯಿರಿ.

ಮತ್ತೆ, ಯಾರಾದರೂ ಮೈಸೂರಿನ ಕಡೆ ಬಂದರೆ ಮನೆಗೆ ಬನ್ನಿ. ಆ ಮೂರು ವಸ್ತುಗಳನ್ನು ತೋರಿಸುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಗೊತ್ತಿರಬಹುದು.